ಸರ ಕಿತ್ತವನಿಗೆ ಜಾಮೀನು, ನಮಗೆ ಭಯ: ಇದು ಯಾವ ನ್ಯಾಯ?

ಓದುಗರ ಪ್ರಶ್ನೆ: ನನ್ನ ತಾಯಿಗೆ 67 ವರ್ಷ. ಬೆಳಗ್ಗೆ ಮನೆ ಮುಂದೆ ರಂಗೋಲಿ ಹಾಕುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಸರ ಕಿತ್ತುಕೊಂಡು ಹೋದರು. ಅಮ್ಮ ಬಿದ್ದು ಮೊಣಕಾಲು ಒಡೆಯಿತು, ಕುತ್ತಿಗೆಯಲ್ಲಿ ಗಾಯ. ಕೆಲವು ವಾರದ ಮೇಲೆ ಪೊಲೀಸರು ಒಬ್ಬನನ್ನು ಹಿಡಿದರು. ಅವನು ತಪ್ಪೊಪ್ಪಿಕೊಂಡಿದ್ದಾನೆ ಎಂದು ಪೇಪರ್‌ನಲ್ಲೂ ಬಂತು. ಅಮ್ಮ ಜೈಲಿಗೆ ಹೋಗಿ ಗುರುತಿಸಿಯೂ ಬಂದರು. ಆದರೂ ಒಂದೂವರೆ ತಿಂಗಳಿಗೆ ಅವನಿಗೆ ಜಾಮೀನು ಸಿಕ್ಕಿತು. ಮೊನ್ನೆ ನಮ್ಮ ಬೀದಿಯ ಕೊನೆಯಲ್ಲಿ ಅಮ್ಮ ಅವನನ್ನು ನೋಡಿದ್ದಾರೆ. ಆವತ್ತಿನಿಂದ ಬಾಗಿಲು ತೆಗೆಯುವುದಕ್ಕೂ ಹೆದರುತ್ತಾರೆ. ಕಾನೂನಿನಲ್ಲಿ ಹಕ್ಕುಗಳೆಲ್ಲ ಆರೋಪಿಗೇನಾ? ನಮ್ಮ ಸುರಕ್ಷತೆ ಹಕ್ಕಲ್ಲವಾ? ಇಂಥವರನ್ನು ಎನ್‌ಕೌಂಟರ್ ಮಾಡಿದರೇ ಬುದ್ಧಿ ಬರುವುದು ಎನ್ನುತ್ತಾನೆ ನನ್ನ ಮಗ. ನನಗೂ ಹಾಗೇ ಅನ್ನಿಸುತ್ತಿದೆ. ಅಮ್ಮ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾ, ಸುಮ್ನೆ ಇದ್ದುಬಿಡುವುದು ಒಳ್ಳೆಯದಾ? ಇನ್ನೊಂದು ಮಾತು. ಇವನು ಸಿಗುವ ಮೊದಲು, ಬೈಕಿನ ಬಣ್ಣ ಒಂದೇ ಎಂದು ನಮ್ಮ ಮಹಡಿಯ ಬಾಡಿಗೆಯವರ ಮಗನನ್ನು ಕರೆದುಕೊಂಡು ಹೋಗಿ ಠಾಣೆಯಲ್ಲಿ ಎರಡು ರಾತ್ರಿ ಕೂರಿಸಿಕೊಂಡಿದ್ದರು. ಪಾಪ, ಆ ಹುಡುಗ ಇನ್ನೂ ಸರಿಯಾಗಿ ಕೆಲಸಕ್ಕೆ ಹೋಗುತ್ತಿಲ್ಲ.

ಉತ್ತರ: ನಿಮ್ಮ ತಾಯಿಯ ಭಯ ನಿಜವಾದದ್ದು. ಕಾನೂನಿನ ಯಾವ ವಿವರಣೆಯೂ ಅದನ್ನು ಸಣ್ಣದು ಮಾಡಬಾರದು. ಹಿಂದೆ ಸರ್ಕಾರದ ಪರವಾಗಿ ಕೇಸು ನಡೆಸಿದ್ದೇನೆ, ಈಗ ಆರೋಪಿಗಳ ಪರವಾಗಿಯೂ ನಿಲ್ಲುತ್ತೇನೆ. ಎರಡೂ ಕಡೆ ನಿಂತು ನೋಡಿದ್ದನ್ನೇ ಇಲ್ಲಿ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಕೊನೆಯ ಸಾಲುಗಳನ್ನು. ಒಂದೇ ಕಟ್ಟಡ, ಒಂದೇ ಕೇಸು. ಕೆಳಗಿನ ಮನೆಯವರಿಗೆ ಸುರಕ್ಷತೆ ಸಿಗಲಿಲ್ಲ, ಮೇಲಿನ ಮನೆಯವರಿಗೆ ಹಕ್ಕು ಸಿಗಲಿಲ್ಲ. ನಾವೆಲ್ಲ ಸಾಮಾನ್ಯವಾಗಿ ಅಂದುಕೊಳ್ಳುವುದೇನು? ಜನರ ಹಕ್ಕು ಸ್ವಲ್ಪ ಕಡಿಮೆ ಮಾಡಿದರೆ ಸುರಕ್ಷತೆ ಅಷ್ಟು ಜಾಸ್ತಿಯಾಗುತ್ತದೆ ಅಂತ. ಆ ಹುಡುಗನನ್ನು ಎರಡು ರಾತ್ರಿ ಕೂರಿಸಿದ್ದರಿಂದ ನಿಮ್ಮ ಬೀದಿಗೆ ಏನು ಸಿಕ್ಕಿತು? ಏನೂ ಇಲ್ಲ. ಸರ ಕಿತ್ತವರಿಗೆ ಮಾತ್ರ ಮಾಲು ಸಾಗಿಸಲು ಇನ್ನೆರಡು ದಿನ ಸಿಕ್ಕಿತು. ತಪ್ಪು ಮನುಷ್ಯನ ಹಿಂದೆ ಬಿದ್ದಷ್ಟು ಹೊತ್ತೂ ಸರಿಯಾದ ಮನುಷ್ಯ ಹೊರಗೇ ಇರುತ್ತಾನೆ. ಅದಕ್ಕೇ, ಪೊಲೀಸರ ಕೈ ಕಟ್ಟುತ್ತವೆ ಎನ್ನುವ ನಿಯಮಗಳಲ್ಲಿ ಬಹಳಷ್ಟು ತನಿಖೆಯನ್ನು ಸರಿದಾರಿಯಲ್ಲಿ ಇಡುವ ನಿಯಮಗಳು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ಹುಡುಗನ ವಿಷಯವನ್ನೇ ಮೊದಲು ಮುಗಿಸುತ್ತೇನೆ. ವಿಚಾರಣೆಗೆ ಕರೆಯಲು ಪೊಲೀಸರಿಗೆ ಅಧಿಕಾರ ಇದೆ. ಅನುಮಾನ ಇದ್ದು, ಬಂಧಿಸುವ ಅಗತ್ಯ ಕಾಣದಿದ್ದರೆ ಬಿಎನ್‌ಎಸ್‌ಎಸ್ 35(3)ನೇ ಕಲಂ ಪ್ರಕಾರ ಬರಹದಲ್ಲಿ ನೋಟಿಸ್ ಕೊಟ್ಟು ಕರೆಯಬೇಕು. ಬಂಧನ, ತನಿಖೆ, ಜಾಮೀನು, ವಿಚಾರಣೆ ಹೇಗೆ ನಡೆಯಬೇಕು ಎಂದು ಹೇಳುವ ಕಾನೂನು ಇದು, 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದಿದೆ. ಬಂಧಿಸಿದರೆ ಬಂಧನದ ಮೆಮೊ ಬರೆಯಬೇಕು, ಕಾರಣ ತಿಳಿಸಬೇಕು, ಮನೆಯವರಿಗೆ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಕಾರಣ ತಿಳಿಸುವುದು, 24 ಗಂಟೆಯ ಮಿತಿ ಸಂವಿಧಾನದ 22ನೇ ವಿಧಿಯಲ್ಲೇ ಇವೆ. ಇವೆರಡರ ನಡುವೆ "ಸುಮ್ನೆ ಕೂರಿಸಿಕೊಳ್ಳುವುದು" ಎಂಬ ಮೂರನೇ ದಾರಿ ಕಾನೂನಿನಲ್ಲಿ ಇಲ್ಲ. 1994ರಲ್ಲಿ ಜೋಗಿಂದರ್ ಕುಮಾರ್ ಎಂಬ ಯುವ ವಕೀಲರನ್ನು ಉತ್ತರ ಪ್ರದೇಶದ ಪೊಲೀಸರು ಹೀಗೇ ದಿನಗಟ್ಟಲೆ ಇಟ್ಟುಕೊಂಡಿದ್ದರು. ಬಂಧಿಸುವ ಅಧಿಕಾರ ಇರುವುದು ಬೇರೆ, ಬಂಧಿಸಲು ತಕ್ಕ ಕಾರಣ ಇರುವುದು ಬೇರೆ ಎಂದು ಸುಪ್ರೀಂ ಕೋರ್ಟ್ ಆ ಕೇಸಿನಲ್ಲೇ ಹೇಳಿತು. ಹುಡುಗನ ಮನೆಯವರು ಹಿರಿಯ ಪೊಲೀಸ್ ಅಧಿಕಾರಿಗೆ, ಪೊಲೀಸ್ ದೂರು ಪ್ರಾಧಿಕಾರಕ್ಕೆ ಅಥವಾ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು. ಠಾಣೆಗಳಲ್ಲಿ ಸಿಸಿ ಕ್ಯಾಮೆರಾ ಇರಲೇಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಆ ಎರಡು ರಾತ್ರಿಗಳ ದೃಶ್ಯ ಉಳಿಸಿಡಿ ಎಂದು ಬೇಗ ಅರ್ಜಿ ಹಾಕುವುದು ಮುಖ್ಯ, ತಡವಾದರೆ ಅಳಿಸಿಹೋಗುತ್ತದೆ. ಅದೇ ಠಾಣೆಯವರು ಮತ್ತೆ ಕಿರಿಕಿರಿ ಮಾಡಬಹುದು ಎಂಬ ಅಳುಕು ಇದ್ದೇ ಇರುತ್ತದೆ. ಹಾಗಾಗಿ ದೂರನ್ನು ವಕೀಲರ ಮೂಲಕ, ಬರಹದಲ್ಲೇ ಕೊಡಲಿ. ಸ್ವೀಕೃತಿ ತೆಗೆದುಕೊಳ್ಳಲಿ.

ಈಗ "ಅವನೇ ಒಪ್ಪಿಕೊಂಡಿದ್ದಾನಲ್ಲ" ಎಂಬ ಮಾತಿಗೆ ಬರೋಣ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯ ಆಗುವುದಿಲ್ಲ. ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯಲ್ಲೂ ಹೀಗೇ ಇತ್ತು, ಹೊಸ ಸಾಕ್ಷ್ಯ ಅಧಿನಿಯಮದ 23ನೇ ಕಲಂನಲ್ಲೂ ಹೀಗೇ ಇದೆ. ಅವನು ತೋರಿಸಿದ ಜಾಗದಲ್ಲಿ ಸರ ಸಿಕ್ಕಿ, ಪಂಚರ (ಸ್ಥಳದಲ್ಲಿ ಸಾಕ್ಷಿಯಾಗಿ ನಿಲ್ಲುವವರ) ಮುಂದೆ ಮಹಜರು ಆಗಿದ್ದರೆ ಅಷ್ಟು ಭಾಗ ಮಾತ್ರ ಬಳಕೆಗೆ ಬರುತ್ತದೆ. ಇಷ್ಟು ಕಟ್ಟುನಿಟ್ಟು ಯಾಕೆ ಎಂದು ಕೇಳುವವರಿಗೆ ನಾನು ಗುರುಗ್ರಾಮದ ಕೇಸನ್ನು ನೆನಪಿಸುತ್ತೇನೆ. 2017ರಲ್ಲಿ ಅಲ್ಲಿನ ಶಾಲೆಯೊಂದರಲ್ಲಿ ಪುಟ್ಟ ಹುಡುಗನ ಕೊಲೆಯಾಯಿತು. ಪೊಲೀಸರು ಶಾಲಾ ಬಸ್ಸಿನ ಕಂಡಕ್ಟರ್‌ನನ್ನು ಹಿಡಿದರು. ತಪ್ಪೊಪ್ಪಿಕೊಂಡಿದ್ದಾನೆ ಎಂದರು. ದೇಶವೆಲ್ಲ ಅವನ ಮೇಲೆ ಕೆಂಡಕಾರಿತು. ಆಮೇಲೆ ತನಿಖೆ ಸಿಬಿಐಗೆ ಹೋಯಿತು. ಕೊಲೆಗೂ ಕಂಡಕ್ಟರ್‌ಗೂ ಸಂಬಂಧವಿಲ್ಲ ಎಂದು ಸಿಬಿಐ ಹೇಳಿತು, 2018ರಲ್ಲಿ ಕೋರ್ಟು ಅವನನ್ನು ಕೇಸಿನಿಂದ ಕೈಬಿಟ್ಟಿತು. ಬಂಧನವಾದ ವಾರದಲ್ಲಿ ಜನಾಭಿಪ್ರಾಯ ಕೇಳಿದ್ದರೆ ಆ ಮನುಷ್ಯ ಉಳಿಯುತ್ತಿದ್ದನಾ? ನಿಮ್ಮ ಮಗನ ಎನ್‌ಕೌಂಟರ್ ಮಾತಿಗೆ ನನ್ನ ಮೊದಲ ಉತ್ತರ ಇದೇ.

ಎರಡನೆಯ ಉತ್ತರ ಹೈದರಾಬಾದಿನದು. 2019ರ ಡಿಸೆಂಬರ್‌ನಲ್ಲಿ, ಪಶುವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆಯ ಕೇಸಿನ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಜನ ಹೂ ಎರಚಿದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ವರದಿ ಕೊಟ್ಟಿತು. ಸಾಯಿಸಬೇಕೆಂದೇ ಗುಂಡು ಹಾರಿಸಲಾಗಿದೆ, ಆತ್ಮರಕ್ಷಣೆಯ ಕತೆ ನಂಬುವಂತಿಲ್ಲ ಎಂದಿತು. ಆ ಹೆಣ್ಣುಮಗಳ ಕೇಸು ಏನಾಯಿತು? ವಿಚಾರಣೆಯೇ ನಡೆಯಲಿಲ್ಲ. ಯಾರು ಏನು ಮಾಡಿದರು ಎಂಬುದು ಕೋರ್ಟಿನಲ್ಲಿ ಸಾಬೀತಾಗುವ ದಾರಿಯೇ ಮುಚ್ಚಿತು. ಗುಂಡು ಹಾರಿಸಿದವರು ಆರೋಪಿಗಳ ಸ್ಥಾನದಲ್ಲಿ ನಿಲ್ಲುವಂತಾಯಿತು. ನಿಮ್ಮ ಮಗನ ಸಿಟ್ಟು ನನಗೆ ಅರ್ಥವಾಗುತ್ತದೆ, ಅಜ್ಜಿ ರಸ್ತೆಯಲ್ಲಿ ಬಿದ್ದದ್ದನ್ನು ಕಂಡ ಮೊಮ್ಮಗ ಅವನು. ಆದರೆ ಅದೇ ಠಾಣೆಯವರಿಗೆ ಮೊದಲು ಅನುಮಾನ ಬಂದದ್ದು ಮಹಡಿಯ ಹುಡುಗನ ಮೇಲೆ ಎಂಬುದನ್ನು ಅವನಿಗೆ ಒಮ್ಮೆ ನೆನಪಿಸಿ.

ಜಾಮೀನು ಯಾಕೆ ಸಿಕ್ಕಿತು ಎಂಬುದಕ್ಕೆ ಬರುತ್ತೇನೆ. ಜಾಮೀನು ಎಂದರೆ ಕೇಸು ಮುಗಿಯಿತು ಎಂದಲ್ಲ. ಕೇಸು ನಡೆಯುವಷ್ಟು ಕಾಲ ಆರೋಪಿ ಒಳಗಿರಬೇಕಾ, ಹೊರಗಿರಬಹುದಾ ಎಂಬುದಷ್ಟೇ ಅಲ್ಲಿ ತೀರ್ಮಾನ ಆಗುವುದು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1977ರ ಬಾಲ್‌ಚಂದ್ ಕೇಸಿನಲ್ಲಿ ಬರೆದ ಮಾತು ಎಲ್ಲರ ಬಾಯಲ್ಲೂ ಇದೆ: ಜಾಮೀನು ನಿಯಮ, ಜೈಲು ಅಪವಾದ. ಅದೇ ವಾಕ್ಯದ ಉಳಿದ ಅರ್ಧವನ್ನು ಯಾರೂ ಹೇಳುವುದಿಲ್ಲ. ಓಡಿಹೋಗುವ ಸೂಚನೆ ಇದ್ದರೆ, ಮತ್ತೆ ಅಪರಾಧ ಮಾಡುವ ಸಂಭವ ಇದ್ದರೆ, ಸಾಕ್ಷಿಗಳನ್ನು ಹೆದರಿಸುವಂತಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ ಎಂದೂ ಅವರು ಅಲ್ಲೇ ಬರೆದಿದ್ದಾರೆ. ಅಂದರೆ ಜನರ ಸುರಕ್ಷತೆ ಜಾಮೀನು ಕಾನೂನಿನ ಹೊರಗಿನ ವಿಷಯ ಅಲ್ಲ, ಅದು ಮೊದಲಿಂದಲೂ ಒಳಗೇ ಇದೆ. ಪ್ರಶ್ನೆ ಏನೆಂದರೆ, ನಿಮ್ಮ ಕೇಸಿನಲ್ಲಿ ಅದನ್ನು ಯಾರಾದರೂ ನ್ಯಾಯಾಧೀಶರ ಮುಂದೆ ಇಟ್ಟರಾ?

ಜಾಮೀನು ಅರ್ಜಿಗೆ ಸರ್ಕಾರಿ ಅಭಿಯೋಜಕರು (ಪಬ್ಲಿಕ್ ಪ್ರಾಸಿಕ್ಯೂಟರ್) ಹಾಕುವ ತಕರಾರನ್ನು ನೀವು ಒಮ್ಮೆ ಓದಬೇಕು. ಎಷ್ಟೋ ಕೇಸುಗಳಲ್ಲಿ ಅದು ಅಚ್ಚು ಹಾಕಿದಂತೆ ಇರುತ್ತದೆ. "ಆರೋಪಿಯನ್ನು ಬಿಟ್ಟರೆ ತಲೆಮರೆಸಿಕೊಳ್ಳುವ, ಸಾಕ್ಷಿಗಳನ್ನು ಬೆದರಿಸುವ ಸಂಭವವಿರುತ್ತದೆ." ಯಾವ ಸಾಕ್ಷಿ? ಯಾಕೆ? ಅವನ ಮನೆಗೂ ಸಾಕ್ಷಿಯ ಮನೆಗೂ ಎಷ್ಟು ದೂರ? ಹಿಂದೆ ಜಾಮೀನಿನ ಮೇಲಿದ್ದಾಗ ಏನು ಮಾಡಿದ್ದ? ಇದ್ಯಾವುದೂ ಇರುವುದಿಲ್ಲ. ನ್ಯಾಯಾಧೀಶರ ಮುಂದೆ ಅವತ್ತಿನ ಪಟ್ಟಿಯಲ್ಲಿ ಹತ್ತಾರು ಕೇಸು ಇರುತ್ತವೆ. ಕಡತದಲ್ಲಿ ಇಲ್ಲದ ಅಪಾಯವನ್ನು ಅವರು ಊಹಿಸಿ ಆದೇಶ ಬರೆಯುವ ಹಾಗಿಲ್ಲ. ಅದೇ ತಕರಾರಿನಲ್ಲಿ "ಗುರುತಿಸಿದ ಸಾಕ್ಷಿಗೆ 67 ವರ್ಷ, ಆರೋಪಿ ಆ ಬಡಾವಣೆಗೆ ಹತ್ತಿರದಲ್ಲೇ ಇದ್ದಾನೆ, ಆ ಪ್ರದೇಶಕ್ಕೆ ಕಾಲಿಡದಂತೆ ಷರತ್ತು ಹಾಕಿ" ಎಂಬ ಸಾಲು ಇದ್ದಿದ್ದರೆ, ಜಾಮೀನು ಸಿಕ್ಕಿದರೂ ನಿಮ್ಮ ತಾಯಿ ಅವನನ್ನು ಬೀದಿಯ ಕೊನೆಯಲ್ಲಿ ನೋಡುವ ಸಂದರ್ಭ ಬರುತ್ತಿರಲಿಲ್ಲವೇನೋ.

ಇನ್ನೊಂದು ವಿಷಯ ಪರೀಕ್ಷಿಸಿ. ಎಫ್‌ಐಆರ್‌ನಲ್ಲಿ ಯಾವ ಕಲಂ ಹಾಕಿದ್ದಾರೆ? ಐಪಿಸಿ ಜಾಗಕ್ಕೆ ಬಂದ ಹೊಸ ದಂಡಸಂಹಿತೆ ಬಿಎನ್‌ಎಸ್‌ನಲ್ಲಿ ಸರ ಕಿತ್ತುಕೊಳ್ಳುವಂಥ ಕೃತ್ಯಕ್ಕೆಂದೇ 304ನೇ ಕಲಂ ಬಂದಿದೆ, ಶಿಕ್ಷೆ 3 ವರ್ಷದವರೆಗೆ. ಆದರೆ ಕಿತ್ತುಕೊಳ್ಳುವಾಗ ಬೇಕೆಂದೇ ಪೆಟ್ಟು ಮಾಡಿದ್ದರೆ ಅದು ಸುಲಿಗೆ ಆಗುತ್ತದೆ. 309ನೇ ಕಲಂ ಪ್ರಕಾರ ಅದಕ್ಕೆ 10 ವರ್ಷದವರೆಗೂ, ಕೆಲವು ಸಂದರ್ಭದಲ್ಲಿ ಅದಕ್ಕಿಂತ ಜಾಸ್ತಿಯೂ ಶಿಕ್ಷೆ ಇದೆ. ನಿಮ್ಮ ತಾಯಿಯ ಕುತ್ತಿಗೆಯ ಗಾಯ, ಮೊಣಕಾಲಿನ ಗಾಯ ಆಸ್ಪತ್ರೆಯ ಗಾಯದ ಪ್ರಮಾಣಪತ್ರದಲ್ಲಿ ಇದೆಯಾ? ಅದು ಕಡತ ಸೇರಿದೆಯಾ? ಬರೀ 304 ಹಾಕಿದ್ದರೆ ತನಿಖಾಧಿಕಾರಿಗೂ ಅಭಿಯೋಜಕರಿಗೂ ಅರ್ಜಿ ಕೊಟ್ಟು ಕೇಳಿ. 3 ವರ್ಷದ ಕೇಸಿನಲ್ಲಿ ಒಂದೂವರೆ ತಿಂಗಳಿಗೆ ಜಾಮೀನು ಸಿಗುವುದು ವಿಚಿತ್ರವೇನಲ್ಲ. 7 ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಕಾರಣ ಬರೆಯದೆ ಬಂಧಿಸುವುದೇ ತಪ್ಪು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದೆ. ಜತೆಗೆ ಚಾರ್ಜ್‌ಶೀಟ್ 60 ದಿನದೊಳಗೆ, ಗಂಭೀರ ಅಪರಾಧಗಳಲ್ಲಿ 90 ದಿನದೊಳಗೆ, ಹಾಕದಿದ್ದರೆ ಆರೋಪಿ ಕೇಳಿದ ಕೂಡಲೇ ಜಾಮೀನು ಕೊಡಲೇಬೇಕು. ಅಂಥ ಕೇಸಿನಲ್ಲಿ ಜನ ಕೋರ್ಟನ್ನು ಬಯ್ಯುತ್ತಾರೆ. ತಡ ಆದದ್ದು ತನಿಖೆಯಲ್ಲಿ.

ನಿಜವಾದ ರೋಗ ಬೇರೆ ಕಡೆ ಇದೆ. ಬಿಎನ್‌ಎಸ್‌ಎಸ್ 480ನೇ ಕಲಂನಲ್ಲಿ ಒಂದು ಗಟ್ಟಿ ತಡೆ ಇದೆ. 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದ ಒಳಗಿನ ಶಿಕ್ಷೆಯ ಅಪರಾಧಗಳಲ್ಲಿ ಎರಡು ಸಲ ಶಿಕ್ಷೆಯಾದವನಿಗೆ ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಜಾಮೀನು ಕೊಡುವ ಹಾಗಿಲ್ಲ. ಮತ್ತೆ ಮತ್ತೆ ಸರ ಕೀಳುವವನನ್ನು ಒಳಗಿಡಲು ಇದಕ್ಕಿಂತ ಒಳ್ಳೆಯ ಕಲಂ ಬೇಕಾ? ಆದರೆ ಅವನ ಮೇಲೆ ಆರೇಳು ಕೇಸು ಇರುತ್ತವೆ, ಶಿಕ್ಷೆ ಒಂದರಲ್ಲೂ ಆಗಿರುವುದಿಲ್ಲ. ಒಂದರಲ್ಲಿ ಸಾಕ್ಷಿ ಊರು ಬಿಟ್ಟಿರುತ್ತಾರೆ. ಇನ್ನೊಂದರಲ್ಲಿ ಪಂಚರು ತಿರುಗಿಬಿದ್ದಿರುತ್ತಾರೆ. ಮತ್ತೊಂದರಲ್ಲಿ ತನಿಖಾಧಿಕಾರಿಗೆ ವರ್ಗವಾಗಿ ಸಮನ್ಸ್ ಇನ್ನೂ ತಲುಪಿರುವುದಿಲ್ಲ. ವಾಯಿದೆ ಮೇಲೆ ವಾಯಿದೆ. ಕಾನೂನು ಕೊಟ್ಟ ಅಸ್ತ್ರ ಇದೆ, ಅದನ್ನು ಹೂಡಲು ಬೇಕಾದ ತೀರ್ಪು ಇಲ್ಲ. ಜನರ ಸುರಕ್ಷತೆ ಕೆಡುತ್ತಿರುವುದು ಮುಖ್ಯವಾಗಿ ಇಲ್ಲಿ.

ಇದೇ ವಿಳಂಬದ ಇನ್ನೊಂದು ಮುಖ ಜೈಲುಗಳಲ್ಲಿದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ಪ್ರತಿ ನಾಲ್ವರಲ್ಲಿ ಮೂವರು ಇನ್ನೂ ತೀರ್ಪು ಆಗದವರು. ಇವರೆಲ್ಲ ಅಪಾಯಕಾರಿ ಎಂದು ಒಳಗಿರುವವರಲ್ಲ. ಎಷ್ಟೋ ಜನ ಜಾಮೀನುದಾರ ಸಿಗದೆ ಒಳಗಿದ್ದಾರೆ. ನಮ್ಮಲ್ಲಿ ಶ್ಯೂರಿಟಿ ಕೊಡಲು ಪಹಣಿಯೋ ಆಸ್ತಿ ಪತ್ರವೋ ಬೇಕು. ಹೊರರಾಜ್ಯದಿಂದ ಬಂದ ಗಾರೆ ಕೆಲಸದವನಿಗೆ ಪಹಣಿ ಇರುವ ಪರಿಚಯದವರು ಎಲ್ಲಿಂದ ಬರಬೇಕು? ತಂಡ ಕಟ್ಟಿಕೊಂಡು ಸರ ಕೀಳುವವನಿಗೆ ಹಿಂದೆ ಜನ ಇರುತ್ತಾರೆ, ಶ್ಯೂರಿಟಿ ಮಧ್ಯಾಹ್ನದೊಳಗೆ ತಯಾರು. ಹೀಗೆ ನಾವು ಅಪಾಯವನ್ನು ಅಳೆಯಬೇಕಾದ ಕಡೆ ಆಸ್ತಿಯನ್ನು ಅಳೆಯುತ್ತಿದ್ದೇವೆ. ಇದು ಹೊಸ ಮಾತೂ ಅಲ್ಲ. 1978ರಲ್ಲೇ ಮಧ್ಯಪ್ರದೇಶದ ಮೋತಿ ರಾಮ್ ಎಂಬ ಗಾರೆ ಕೆಲಸದವರಿಗೆ ಕೆಳಕೋರ್ಟು 10,000 ರೂಪಾಯಿಯ ಜಾಮೀನು ಕೇಳಿತ್ತು. ಅಣ್ಣತಮ್ಮಂದಿರಲ್ಲಿ ಒಬ್ಬರು ಜಾಮೀನು ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ಕಟುವಾಗಿ ಟೀಕಿಸಿ 1,000 ರೂಪಾಯಿಯ ಸ್ವಂತ ಮುಚ್ಚಳಿಕೆ ಮೇಲೆ ಬಿಡಲು ಹೇಳಿತು. ಜಾಮೀನು ಸಿಕ್ಕಿ ಏಳು ದಿನವಾದರೂ ಹೊರಬರದವರ ಬಗ್ಗೆ ಜೈಲು ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದು 2023ರಲ್ಲಿ ಅದೇ ಕೋರ್ಟು ಮತ್ತೆ ಹೇಳಬೇಕಾಯಿತು. ಸಣ್ಣ ಕೇಸಿನವರಿಂದ ಜೈಲು ತುಂಬಿಸಿಟ್ಟರೆ ಬೀದಿ ಸುರಕ್ಷಿತವಾಗುವುದಿಲ್ಲ. ಮೊದಲ ಸಲ ಸಿಕ್ಕಿಬಿದ್ದ ಹುಡುಗ ಒಳಗೆ ಪಳಗಿದವರ ಸಹವಾಸಕ್ಕೆ ಬೀಳುತ್ತಾನೆ, ಅಷ್ಟೇ.

ನಿಮ್ಮ ಮುಂದೆ ಈಗ ಏನೇನು ದಾರಿ ಇದೆ?

ಜಾಮೀನು ರದ್ದು ಮಾಡಿಸುವುದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ಸೆಷನ್ಸ್ ಕೋರ್ಟಿಗೂ ಹೈಕೋರ್ಟಿಗೂ ಬಿಎನ್‌ಎಸ್‌ಎಸ್ 483(3)ನೇ ಕಲಂ ಪ್ರಕಾರ ಆ ಅಧಿಕಾರ ಇದೆ. ಆದರೆ ಒಮ್ಮೆ ಕೊಟ್ಟ ಜಾಮೀನನ್ನು ಕಿತ್ತುಕೊಳ್ಳಲು ಬಲವಾದ ಕಾರಣ ಬೇಕು. ಷರತ್ತು ಮುರಿದ, ಬೆದರಿಸಿದ, ಇನ್ನೊಂದು ಅಪರಾಧ ಮಾಡಿದ, ಇಂಥದ್ದು. ಬೀದಿಯ ಕೊನೆಯಲ್ಲಿ ಒಮ್ಮೆ ಕಂಡ ಎಂಬುದು ಸಾಕಾಗುವುದು ಕಷ್ಟ. ದುರ್ಬಲ ಅರ್ಜಿ ಹಾಕಿ ಅದು ವಜಾ ಆದರೆ ಅವನ ಧೈರ್ಯ ಹೆಚ್ಚುತ್ತದೆ, ನಿಮ್ಮ ತಾಯಿಯದು ಕುಗ್ಗುತ್ತದೆ. ಹಾಗಾಗಿ ಮೊದಲು ಜಾಮೀನು ಆದೇಶದ ನಕಲು ತೆಗೆಸಿ. ಷರತ್ತುಗಳು ಏನಿವೆ ನೋಡಿ. ಸಾಕ್ಷಿಗಳ ಹತ್ತಿರ ಸುಳಿಯಬಾರದು ಎಂದಿದ್ದರೆ, ಅವನು ಕಂಡ ದಿನ, ಹೊತ್ತು, ಜಾಗ ಬರೆದಿಡಿ. ಅಕ್ಕಪಕ್ಕದ ಸಿಸಿ ಕ್ಯಾಮೆರಾದ ದೃಶ್ಯ ಇದ್ದರೆ ಕೇಳಿ ಪಡೆಯಿರಿ. ಷರತ್ತೇ ಇಲ್ಲದಿದ್ದರೆ ಬಡಾವಣೆಗೆ ಬರಬಾರದು, ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ ಹಾಕಬೇಕು ಎಂಬ ಷರತ್ತು ಸೇರಿಸಲು ಅಭಿಯೋಜಕರ ಮೂಲಕ ಕೇಳಿ. ನನ್ನ ಅನುಭವದಲ್ಲಿ ಇದು ರದ್ದತಿಗಿಂತ ಬೇಗ ಫಲ ಕೊಡುತ್ತದೆ.

ಕೋರ್ಟಿನಲ್ಲಿ ನಿಮ್ಮ ಮಾತಿಗೆ ಜಾಗ ಇಲ್ಲ ಎಂದುಕೊಳ್ಳಬೇಡಿ. ರೈತರ ಮೇಲೆ ವಾಹನ ಹರಿದ ಲಖಿಂಪುರ ಖೇರಿ ಕೇಸಿನಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ತೊಂದರೆಗೊಳಗಾದವರಿಗೆ ತನಿಖೆಯಿಂದ ಮೇಲ್ಮನವಿವರೆಗೆ ಎಲ್ಲ ಹಂತದಲ್ಲೂ, ಜಾಮೀನಿನ ಹಂತದಲ್ಲೂ, ತಮ್ಮ ಮಾತು ಹೇಳುವ ಹಕ್ಕಿದೆ. ಅವರ ಮಾತು ಸರಿಯಾಗಿ ಕೇಳದೆ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನೇ ಅಲ್ಲಿ ರದ್ದು ಮಾಡಿತು. ಅಭಿಯೋಜಕರ ಜತೆ ನಿಲ್ಲಲು ನೀವು ನಿಮ್ಮದೇ ವಕೀಲರನ್ನೂ ಇಡಬಹುದು. ಹಣದ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಬಂಧನದಲ್ಲಿರುವ ಆರೋಪಿಗೂ ಉಚಿತ ವಕೀಲರನ್ನು ಕೊಡುವುದು ಇದೇ 12ನೇ ಕಲಂ. ಹಕ್ಕುಗಳೆಲ್ಲ ಆರೋಪಿಗೇನಾ ಎಂದು ಕೇಳಿದಿರಲ್ಲ, ಕಾಯ್ದೆಯಲ್ಲಿ ಹಾಗಿಲ್ಲ. ಆರೋಪಿಗೆ ಹೇಳಿಕೊಡಲು ವಕೀಲರಿರುತ್ತಾರೆ, ನಿಮಗೆ ಯಾರೂ ಹೇಳಲಿಲ್ಲ. ಅದು ದೊಡ್ಡ ಕೊರತೆ, ಅದರ ಬಗ್ಗೆ ನಿಮಗೆ ಸಿಟ್ಟು ಬಂದರೆ ನ್ಯಾಯವೇ.

ಬೆದರಿಕೆ ಬಂದರೆ ಮಾತು ಬೇರೆ. ಸುಳ್ಳು ಸಾಕ್ಷಿ ಹೇಳು ಎಂದು ಹೆದರಿಸುವುದೇ ಬಿಎನ್‌ಎಸ್ 232ನೇ ಕಲಂ ಪ್ರಕಾರ ಪ್ರತ್ಯೇಕ ಅಪರಾಧ, 7 ವರ್ಷದವರೆಗೆ ಶಿಕ್ಷೆ. "ಯಾಕಮ್ಮ ಈ ವಯಸ್ಸಲ್ಲಿ ಕೋರ್ಟು ಕಚೇರಿ" ಎಂದು ಯಾರೋ ಪರಿಚಯದವರ ಮೂಲಕ ಬರುವ ಮೆತ್ತಗಿನ ಮಾತನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ, ದಿನಾಂಕ ಹಾಕಿ ಬರೆದಿಡಿ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಕಾನೂನಿನಂತೆ ಜಾರಿಗೆ ತಂದಿತು. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಿದರೆ ಪೊಲೀಸರಿಂದ ಅಪಾಯದ ವರದಿ ತರಿಸಿ ಮನೆ ಹತ್ತಿರ ಗಸ್ತು, ಕೋರ್ಟಿಗೆ ಹೋಗಿಬರಲು ಬೆಂಗಾವಲು ಮುಂತಾದ ರಕ್ಷಣೆ ಕೊಡಬಹುದು. ಈ ಯೋಜನೆ ಕಾಗದದಲ್ಲಿ ಇರುವಷ್ಟು ಚೆನ್ನಾಗಿ ಎಲ್ಲ ಕಡೆ ನಡೆಯುತ್ತಿಲ್ಲ. ಆದರೂ ಅರ್ಜಿ ಬಿದ್ದಿದೆ ಎಂದು ಗೊತ್ತಾದರೆ ಠಾಣೆಯವರ ಗಮನ ನಿಮ್ಮ ಬೀದಿಯ ಮೇಲೆ ಇರುತ್ತದೆ.

ರೌಡಿ ಶೀಟ್ ತೆರೆಯಿರಿ, ಗಡಿಪಾರು ಮಾಡಿ, ಗೂಂಡಾ ಕಾಯ್ದೆ ಹಾಕಿ ಎಂದು ಬಡಾವಣೆಯ ಸಂಘದವರು ನಿಮಗೆ ಹೇಳಿರಬಹುದು. ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಗಡಿಪಾರಿಗೆ ಅವಕಾಶ ಇದೆ. 1985ರ ಗೂಂಡಾ ಕಾಯ್ದೆಯಲ್ಲಿ ಒಬ್ಬನನ್ನು ವಿಚಾರಣೆಯೇ ಇಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಇವು ಬೇಡವೇ ಬೇಡ ಎನ್ನುವವನಲ್ಲ ನಾನು. ಸಾಕ್ಷಿಗಳೇ ಬಾಯಿಬಿಡದಂಥ ತಂಡಗಳಿರುವ ಕಡೆ ಇವುಗಳ ಅಗತ್ಯ ಬೀಳುತ್ತದೆ. ಆದರೆ ಇಲ್ಲಿ ಆಗಿಹೋದ ಅಪರಾಧ ಸಾಬೀತಾಗುವುದಿಲ್ಲ, ಮುಂದೆ ಮಾಡಿಯಾನು ಎಂಬ ಅನುಮಾನಕ್ಕೇ ಬಂಧನ ಆಗುತ್ತದೆ. ಆ ಅನುಮಾನ ತಪ್ಪಾದರೆ ಸರಿಪಡಿಸಲು ವಕೀಲರ ವಾದ, ಪಾಟೀಸವಾಲು (ಎದುರು ಕಡೆಯ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು) ಯಾವುದೂ ಸರಿಯಾಗಿ ಇರುವುದಿಲ್ಲ. ಆತುರದಲ್ಲಿ ಹಾಕಿದ ಎಷ್ಟೋ ಆದೇಶಗಳು ಹೈಕೋರ್ಟಿನಲ್ಲಿ ಬಿದ್ದುಹೋಗುತ್ತವೆ. ಮಾಮೂಲಿ ಜಾಮೀನು ಕೇಸಿನಲ್ಲಿ ಗಟ್ಟಿ ತಕರಾರು ಹಾಕುವ ಕೆಲಸ ತಪ್ಪಿಸಿಕೊಳ್ಳಲು ಇದನ್ನು ಅಡ್ಡದಾರಿ ಮಾಡಿಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ.

ಹಾಗಾದರೆ ಜಾಮೀನು ಕಾನೂನನ್ನೇ ಬಿಗಿ ಮಾಡಬಾರದಾ? ಮಾಡಿ ನೋಡಿದ್ದೇವೆ. ಮಾದಕವಸ್ತು ಕಾಯ್ದೆಯ 37ನೇ ಕಲಂ, ಭಯೋತ್ಪಾದನೆ ತಡೆಗೆ ಬಳಸುವ ಯುಎಪಿಎ ಕಾಯ್ದೆಯ 43ಡಿ(5), ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ 45ನೇ ಕಲಂ, ಇವೆಲ್ಲ ಜಾಮೀನು ಸಿಗುವುದನ್ನು ಬಹಳ ಕಷ್ಟ ಮಾಡಿವೆ. ಪರಿಣಾಮ? ಆರೋಪಿ ಹೇಗೂ ಒಳಗಿದ್ದಾನೆ ಎಂದು ವಿಚಾರಣೆ ಇನ್ನೂ ನಿಧಾನವಾಗುತ್ತದೆ. ಕೇರಳದ ಯುಎಪಿಎ ಕೇಸೊಂದರಲ್ಲಿ ಆರೋಪಿ ವಿಚಾರಣೆ ಮುಗಿಯದೆ ಐದು ವರ್ಷಕ್ಕೂ ಜಾಸ್ತಿ ಒಳಗಿದ್ದ. ಇಷ್ಟು ತಡವಾದರೆ ವಿಶೇಷ ಕಾಯ್ದೆ ಇದ್ದರೂ ಜಾಮೀನು ಕೊಡಬೇಕಾಗುತ್ತದೆ ಎಂದು 2021ರ ನಜೀಬ್ ತೀರ್ಪು ಹೇಳಿತು. ಬಿಗಿ ಕಾನೂನು ಮಾಡಿಯೂ ಕೊನೆಗೆ ಬಂದು ನಿಂತದ್ದು ಅದೇ ವಿಳಂಬದ ಬಾಗಿಲಿಗೆ.

ಕಾಲಿಗೆ ಜಿಪಿಎಸ್ ಪಟ್ಟಿ ಹಾಕುವ ಮಾತೂ ಈಗ ಕೇಳಿಬರುತ್ತಿದೆ. ಜಮ್ಮು ಕಾಶ್ಮೀರದಲ್ಲಿ 2023ರಲ್ಲಿ ಜಾಮೀನಿನ ಮೇಲಿದ್ದ ಆರೋಪಿಗೆ ಹಾಕಿದ್ದರು. ಆದರೆ ಆರೋಪಿ ಮೊಬೈಲಿನಲ್ಲಿ ತಾನಿರುವ ಜಾಗವನ್ನು ತನಿಖಾಧಿಕಾರಿಗೆ ಸದಾ ಕಾಣುವಂತೆ ಇಡಬೇಕು ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2024ರಲ್ಲಿ ಒಪ್ಪಲಿಲ್ಲ, ಖಾಸಗಿತನದ ಹಕ್ಕಿಗೆ ಅದು ಧಕ್ಕೆ ಎಂದಿತು. ಸ್ಪಷ್ಟ ಕಾನೂನು ಮಾಡಿ, ಅಪಾಯ ಕಂಡುಬಂದ ಕೇಸಿಗೆ ಮಾತ್ರ, ಕಾಲಮಿತಿ ಹಾಕಿ ತರುವುದಾದರೆ ನಾನು ಬೆಂಬಲಿಸುತ್ತೇನೆ. ವರ್ಷಗಟ್ಟಲೆ ಜೈಲಿಗಿಂತ ಅದು ವಾಸಿ. ಎಲ್ಲರಿಗೂ ಹಾಕುತ್ತೇವೆ ಎಂದರೆ ಇಲ್ಲ.

ಕೊನೆಯದಾಗಿ ಸಾಕ್ಷಿ ಹೇಳಬೇಕಾ ಎಂದು ಕೇಳಿದ್ದೀರಿ. ಹೇಳಬೇಕು. ಅವನ ಮೇಲಿನ ಕೇಸುಗಳಲ್ಲಿ ಒಂದಾದರೂ ಶಿಕ್ಷೆಯಲ್ಲಿ ಮುಗಿಯುವ ಸಂಭವ ಇದ್ದರೆ ಅದು ನಿಮ್ಮ ತಾಯಿಯ ಮಾತಿನಿಂದ. ಗುರುತಿಸಿದವರು ಅವರೇ. ಸಮನ್ಸ್ ಬಂದ ಮೇಲೆ ಹೋಗದಿದ್ದರೆ ವಾರಂಟ್ ಆಗುತ್ತದೆ, ಅದು ಇನ್ನೂ ಮುಜುಗರ.

ತಯಾರಿಗೆ ಕೆಲವು ಮಾತು ಹೇಳುತ್ತೇನೆ. ಹೇಳಿಕೆ ಪಡೆಯಲು ಹೆಣ್ಣುಮಕ್ಕಳನ್ನು ಠಾಣೆಗೆ ಕರೆಸುವಂತಿಲ್ಲ. ತನಿಖಾಧಿಕಾರಿ ಇನ್ನೇನಾದರೂ ಕೇಳಬೇಕಿದ್ದರೆ ಮನೆಗೇ ಬರಲಿ ಎಂದು ಹೇಳಿ. ಸಾಕ್ಷಿ ನುಡಿಯುವ ದಿನಕ್ಕೆ ಮುಂಚೆ ಒಮ್ಮೆ ಅಭಿಯೋಜಕರನ್ನು ಭೇಟಿ ಮಾಡಿ, ಅಮ್ಮ ಮೊದಲು ಕೊಟ್ಟ ಹೇಳಿಕೆಯನ್ನು ನೆನಪು ಮಾಡಿಸಿಕೊಳ್ಳಿ. ಪಾಟೀಸವಾಲಿನಲ್ಲಿ "ಹೆಲ್ಮೆಟ್ ಹಾಕಿದ್ದನಲ್ಲ, ಮುಖ ಹೇಗೆ ಕಂಡಿತು? ಕನ್ನಡಕ ಹಾಕಿದ್ದಿರಾ?" ಎಂದೆಲ್ಲ ಕೇಳುತ್ತಾರೆ. ಅದು ಅವಮಾನ ಮಾಡಲು ಅಲ್ಲ. ಮಹಡಿಯ ಹುಡುಗನಂಥವರು ಕಟಕಟೆಯಲ್ಲಿ ನಿಂತಾಗ ಅವರನ್ನು ಉಳಿಸುವುದು ಇಂಥ ಪ್ರಶ್ನೆಗಳೇ. ಕಂಡದ್ದನ್ನು ಕಂಡಷ್ಟೇ ಹೇಳಲಿ, ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಲಿ. ಅವನ ಎದುರು ನಿಲ್ಲಲು ತೀರಾ ಕಷ್ಟವಾದರೆ ವಿಡಿಯೋ ಮೂಲಕ ಸಾಕ್ಷಿ ತೆಗೆದುಕೊಳ್ಳಿ ಎಂದು ಬಿಎನ್‌ಎಸ್‌ಎಸ್ 530ನೇ ಕಲಂ ತೋರಿಸಿ ಅರ್ಜಿ ಹಾಕಬಹುದು. ಆದರೆ ಎದುರಿಗೆ ನಿಂತು ಗುರುತಿಸಿದರೆ ತೂಕ ಜಾಸ್ತಿ. ಹಾಗಾಗಿ ಬೆಂಗಾವಲು ಸಿಕ್ಕರೆ ಹೋಗುವುದೇ ಒಳ್ಳೆಯದು.

ಅವತ್ತು ಆ ಕಡೆಯ ವಕೀಲರು ವಾಯಿದೆ ಕೇಳಿದರೆ ಸುಮ್ಮನೆ ವಾಪಸ್ ಬರಬೇಡಿ. ಬಿಎನ್‌ಎಸ್‌ಎಸ್ 346ನೇ ಕಲಂ ಪ್ರಕಾರ ಒಬ್ಬರ ಕೋರಿಕೆ ಮೇಲೆ ಮನಬಂದಷ್ಟು ಸಲ ಮುಂದೂಡುವಂತಿಲ್ಲ, ಮಿತಿ ಎರಡು ಸಲ. ಸಾಕ್ಷಿ 67 ವರ್ಷದವರು, ಬಂದು ಕಾದಿದ್ದಾರೆ, ಇವತ್ತೇ ಮುಗಿಸಿ ಎಂದು ನ್ಯಾಯಾಧೀಶರಿಗೆ ಹೇಳಲು ಅಭಿಯೋಜಕರನ್ನು ಒತ್ತಾಯಿಸಿ. ಅವರು ಹೇಳದಿದ್ದರೆ ನಿಮ್ಮ ವಕೀಲರು ಹೇಳಲಿ.